ಹಾಸನದ ನಾಲ್ವರು, ಒಂದು ಬೀಸುವ ಪದ, ಒಂದು ಆನ್‌ಲೈನ್ ವಿಡಿಯೊ ಸ್ಪರ್ಧೆ: ಪ್ರಕರಣ ಅಧ್ಯಯನ

ಹಾಸನದಲ್ಲಿ ಹಾಡಿ ದುಡಿಯುವವರ ವರ್ಷ ಗೌರಿ-ಗಣಪತಿ ಹಬ್ಬಕ್ಕೆ ಶುರುವಾಗುತ್ತದೆ. ಪೆಂಡಾಲ್ ಗಣಪತಿಯ ಮುಂದೆ ಆರ್ಕೆಸ್ಟ್ರಾ, ಅದರ ಹಿಂದೆಯೇ ದಸರಾ, ದೀಪಾವಳಿ ಹೊತ್ತಿಗೆ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳು, ನವೆಂಬರ್ ಪೂರ್ತಿ ರಾಜ್ಯೋತ್ಸವ, ಬೇಸಿಗೆಗೆ ಮದುವೆ ಮತ್ತು ಜಾತ್ರೆ. ಆಷಾಢ ಬಂತೆಂದರೆ ಯಾರ ಫೋನೂ ರಿಂಗಾಗುವುದಿಲ್ಲ. ಈ ಪೂರ್ತಿ ಸುತ್ತಿನಲ್ಲಿ ಹಾಡುಗಾರರ ಹೆಸರು ಬ್ಯಾನರಿನ ಮೇಲೆ ಬರುವುದು ಅಪರೂಪ. ಬ್ಯಾನರ್ ಆರ್ಕೆಸ್ಟ್ರಾ ಮಾಲೀಕರದು, ಹಾಡು ಸಿನಿಮಾದ್ದು. ಜನ ಕುಣಿದು, ಚಪ್ಪಾಳೆ ಹೊಡೆದು, "ಯಾರೋ ಹೆಣ್ಣುಮಗಳು ಚೆನ್ನಾಗಿ ಹಾಡಿದ್ಲು" ಅಂದುಕೊಂಡು ಮನೆಗೆ ಹೋಗುತ್ತಾರೆ.

ಹತ್ತಾರು ವರ್ಷ ವೇದಿಕೆ ಹತ್ತಿದ ಮೇಲೂ 'ಯಾರೋ' ಆಗಿಯೇ ಉಳಿಯುವ ಈ ಸ್ಥಿತಿಯಿಂದ ಹೊರಬರಲು ನಾಲ್ವರು ಒಂದು ಆನ್‌ಲೈನ್ ವಿಡಿಯೊ ಸ್ಪರ್ಧೆಗೆ ಹೋದರು. ಆ ಪ್ರಯತ್ನದಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಧ್ವನಿಮುದ್ರಣದ ಕೆಲಸಕ್ಕೆ ಅವರ ಜೊತೆ ನಿಂತವನು ನಾನು, ಹಾಗಾಗಿ ಹೆಚ್ಚಿನದನ್ನು ಹತ್ತಿರದಿಂದ ಕಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಸ್ಪರ್ಧೆ ನಡೆಸಿದವರ ಹೆಸರೂ ಇಲ್ಲಿ ಬೇಕಿಲ್ಲ.

ಗಾಯಕಿ ಒಂದು ಖಾಸಗಿ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಾರೆ. ಕೀಬೋರ್ಡ್ ನುಡಿಸುವವರದು ಮೊಬೈಲ್ ರಿಪೇರಿ ಅಂಗಡಿ. ತಬಲಾ, ಢೋಲಕ್ ಎರಡೂ ಹಿಡಿಯುವವರು ಹಗಲು ವೈರಿಂಗ್ ಕೆಲಸ ಮಾಡುತ್ತಾರೆ. ನಾಲ್ಕನೆಯವನು ಅರಕಲಗೂಡು ಕಡೆಯ ಹುಡುಗ, ಪಿಟೀಲು. ನಾಲ್ವರಲ್ಲಿ ಕ್ರಮವಾಗಿ ಕರ್ನಾಟಕ ಸಂಗೀತ ಕಲಿತವನು ಅವನೊಬ್ಬನೇ.

ಅರಕಲಗೂಡು ಎಂದ ಮೇಲೆ ರುದ್ರಪಟ್ಟಣದ ಮಾತು ಬರಲೇಬೇಕು. ಕಾವೇರಿ ದಡದ ಆ ಸಣ್ಣ ಊರು ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ (1920–2014) ಅವರನ್ನು ಕೊಟ್ಟಿತು, ಜೋಡಿಯಾಗಿ ಹಾಡುವ ರುದ್ರಪಟ್ಟಣಂ ಸಹೋದರರನ್ನು ಕೊಟ್ಟಿತು. ಗಾಯಕ ಆರ್.ಕೆ. ಪದ್ಮನಾಭ ಅವರು ಅಲ್ಲಿ ಕಟ್ಟಿಸಿದ, ತಂಬೂರಿಯ ಆಕಾರದ ಸಪ್ತಸ್ವರ ಮಂದಿರವನ್ನು ನೋಡಲು ಜನ ಬರುತ್ತಲೇ ಇರುತ್ತಾರೆ. ಅಂದರೆ ನಮ್ಮ ಜಿಲ್ಲೆಗೆ ಸಂಗೀತದ ಹೆಸರು ಹೊಸದೇನಲ್ಲ. ಆದರೆ ಆ ಹೆಸರಿನ ದಾರಿ ಶಾಸ್ತ್ರೀಯ ಸಂಗೀತದ್ದು: ಗುರು, ಪಾಠ, ಸಭಾ ಕಛೇರಿ. ಇನ್ನೊಂದು ದಾರಿ ಆಕಾಶವಾಣಿಯದು. ಆಡಿಷನ್ ಕೊಟ್ಟು 'ಬಿ', 'ಬಿ-ಹೈ', 'ಎ' ಎಂದು ಗ್ರೇಡ್ ಪಡೆಯುವುದು. ಹಾಸನದ್ದೇ ಆಕಾಶವಾಣಿ ಕೇಂದ್ರವಿದೆ, ಗ್ರೇಡ್ ಪಡೆದವರಿಗೆ ಇವತ್ತಿಗೂ ಊರಿನಲ್ಲಿ ಮರ್ಯಾದೆಯಿದೆ. ರಾತ್ರಿ ಹನ್ನೊಂದಕ್ಕೆ ಪೆಂಡಾಲಿನಲ್ಲಿ ಸಿನಿಮಾ ಹಾಡು ಹಾಡಿ ಬೆಳೆದವರಿಗೆ ಮಾತ್ರ ಈ ಎರಡು ಬಾಗಿಲೂ ದೂರ. ವಿಡಿಯೊ ಸ್ಪರ್ಧೆ ಅವರನ್ನು ಸೆಳೆಯಲು ಇದೇ ಕಾರಣ. ಅಲ್ಲಿ ಗುರುಪರಂಪರೆ ಯಾವುದು, ಗ್ರೇಡ್ ಎಷ್ಟು ಎಂದು ಯಾರೂ ಕೇಳುವುದಿಲ್ಲ.

ಸ್ಪರ್ಧೆಯ ನಿಯಮಗಳು ಹೀಗಿದ್ದವು. ಕನ್ನಡದ ಹಾಡು, ಸ್ವಂತ ಸಂಯೋಜನೆ, ಐದು ನಿಮಿಷದೊಳಗೆ. ನೇರವಾಗಿ ಹಾಡಿ ನುಡಿಸಿದ್ದು ಒಂದೇ ಶಾಟ್‌ನಲ್ಲಿ ಬರಬೇಕು, ತುಟಿ ಆಡಿಸುವಂತಿಲ್ಲ. ವಿಡಿಯೊವನ್ನು ತಮ್ಮದೇ ಯೂಟ್ಯೂಬ್ ಚಾನೆಲ್‌ಗೆ ಹಾಕಿ ಕೊಂಡಿ ಕಳಿಸಬೇಕು. ಮೊದಲ ಸುತ್ತು ತೀರ್ಪುಗಾರರದು. ಎರಡನೆಯ ಸುತ್ತಿನಲ್ಲಿ ಆಯೋಜಕರು ಆಯ್ದ ವಿಡಿಯೊಗಳನ್ನು ತಮ್ಮ ಪುಟಕ್ಕೆ ಹಾಕುತ್ತಾರೆ, ಅಲ್ಲಿ ಬಿದ್ದ ಲೈಕುಗಳೇ ಓಟು.

ಸ್ವಂತ ಹಾಡನ್ನು ನೇರವಾಗಿ ಹಾಡಿ ವಿಡಿಯೊ ಕಳಿಸುವ ಈ ಮಾದರಿಯನ್ನು ಹೆಸರುವಾಸಿ ಮಾಡಿದ್ದು ಅಮೆರಿಕದ ಸಾರ್ವಜನಿಕ ರೇಡಿಯೊ ಎನ್‌ಪಿಆರ್. ಅವರ ಟೈನಿ ಡೆಸ್ಕ್ ಸ್ಪರ್ಧೆಯಲ್ಲಿ ಯಾವುದಾದರೂ ಒಂದು ಮೇಜಿನ ಹಿಂದೆ ಕೂತು ಸ್ವಂತ ಹಾಡು ಹಾಡಿ ಕಳಿಸಬೇಕು. 2015ರಲ್ಲಿ ಮೊದಲ ಸಲ ಗೆದ್ದ ಫೆಂಟಾಸ್ಟಿಕ್ ನೆಗ್ರಿಟೊ ಎಂಬ ಗಾಯಕ ಎರಡೇ ವರ್ಷದಲ್ಲಿ ಗ್ರ್ಯಾಮಿ ಪಡೆದರು. 2016ರಲ್ಲಿ ಗೆದ್ದ ಗೇಲಿನ್ ಲೀ ಮಿನೆಸೋಟದ ಡುಲೂತ್ ಎಂಬ ಊರಿನ ಪಿಟೀಲು ವಾದಕಿ. ಅಲ್ಲಿ ಗೆದ್ದವರನ್ನು ಆರಿಸುವುದು ತೀರ್ಪುಗಾರರು, ಲೈಕುಗಳಲ್ಲ. ನಮ್ಮ ಪ್ರಕರಣ ತಿರುವು ಪಡೆದದ್ದು ಸರಿಯಾಗಿ ಈ ವ್ಯತ್ಯಾಸದಲ್ಲಿ.

ಯಾವ ಹಾಡು?

ಮೊದಲು ಎಲ್ಲರ ಬಾಯಿಗೂ ಬಂದದ್ದು ಶಿಶುನಾಳ ಶರೀಫರ ತತ್ವಪದ. ಶರೀಫರು ತೀರಿಕೊಂಡಿದ್ದು 1889ರಲ್ಲಿ, ಅವರ ಸಾಹಿತ್ಯಕ್ಕೆ ಈಗ ಕಾಪಿರೈಟ್ ಇಲ್ಲ, ಯಾರು ಬೇಕಾದರೂ ಹಾಡಬಹುದು. ಆದರೆ ಗಾಯಕಿ ಗುನುಗಿದ್ದು ಸಿ. ಅಶ್ವತ್ಥ್ ಅವರ ಧಾಟಿಯನ್ನು. ನಮ್ಮ ಚನ್ನರಾಯಪಟ್ಟಣದಲ್ಲೇ ಹುಟ್ಟಿದ ಅಶ್ವತ್ಥ್ ತೀರಿಕೊಂಡಿದ್ದು 2009ರಲ್ಲಿ. ಭಾರತದ ಕಾನೂನಿನ ಪ್ರಕಾರ ಸ್ವರ ಸಂಯೋಜನೆಯ ಹಕ್ಕು ಸಂಯೋಜಕರು ತೀರಿದ ಮೇಲೂ 60 ವರ್ಷ ಉಳಿಯುತ್ತದೆ. ಪದ ಎಲ್ಲರದು, ರಾಗ ಒಬ್ಬರದು. ಇದು ತಿಳಿಯದೆ ವಚನ, ದಾಸರ ಪದ, ತತ್ವಪದಗಳನ್ನು ಕ್ಯಾಸೆಟ್ಟಿನಲ್ಲಿ ಕೇಳಿದ ಧಾಟಿಯಲ್ಲೇ ಹಾಡಿ ಅಪ್‌ಲೋಡ್ ಮಾಡಿ, ಆಮೇಲೆ ಕಾಪಿರೈಟ್ ನೋಟಿಸ್ ಕಂಡು ಗಾಬರಿಯಾದ ಎಷ್ಟೋ ಜನರನ್ನು ನೋಡಿದ್ದೇನೆ.

ಕೊನೆಗೆ ಹಾಡು ಸಿಕ್ಕಿದ್ದು ಗಾಯಕಿಯ ಅಜ್ಜಿಯ ಬಾಯಲ್ಲಿ. ಹೊಳೆನರಸೀಪುರದ ಕಡೆಯ ಹಳ್ಳಿಯಲ್ಲಿರುವ ಅವರಿಗೆ ರಾಗಿ ಬೀಸುವ ಪದಗಳು ಇನ್ನೂ ನೆನಪಿವೆ. ಕಲ್ಲು ಸುತ್ತುವ ಲಯಕ್ಕೆ ಕಟ್ಟಿದ ತ್ರಿಪದಿಗಳು ಅವು, ಮೂರನೆಯ ಸಾಲು ಮುಗಿಯುವಾಗ ಕೈ ಹಿಡಿ ಕಾಳು ಹಾಕಲು ಹೋಗುತ್ತದೆ. ಆ ಬಿಡುವಿನಲ್ಲಿ ಪಿಟೀಲು ಬರಲಿ ಎಂದಿದ್ದು ಹುಡುಗನ ಯೋಚನೆ. ಅಜ್ಜಿಯ ಪದಗಳನ್ನು ಇಟ್ಟುಕೊಂಡು ಧಾಟಿಯನ್ನು ಹೊಸದಾಗಿ ಕಟ್ಟಿದರು. ವಿಡಿಯೊದ ಕೆಳಗೆ "ಸಾಹಿತ್ಯ: ಜನಪದ, ಹೇಳಿಕೊಟ್ಟವರು" ಎಂದು ಅಜ್ಜಿಯ ಹೆಸರು, ಊರು ಹಾಕಿದರು, ಸಂಯೋಜನೆಗೆ ತಮ್ಮ ನಾಲ್ವರ ಹೆಸರು. ಅಜ್ಜಿಯ ಹೆಸರನ್ನು ಹಾಕಿದ್ದು ಈ ಇಡೀ ಪ್ರಯತ್ನದಲ್ಲಿ ನನಗೆ ಅತ್ಯಂತ ಹಿಡಿಸಿದ ಕೆಲಸ. ಜನಪದ ಎಂಬ ಒಂದು ಮಾತಿನ ಹಿಂದೆ ಹೇಳಿಕೊಟ್ಟವರನ್ನೆಲ್ಲ ಅಳಿಸಿಬಿಡುವುದು ನಮ್ಮಲ್ಲಿ ತೀರಾ ರೂಢಿಯಾಗಿದೆ.

ರಾಗಿ ಚೀಲಗಳ ಕೋಣೆ

ಆಷಾಢದಲ್ಲಿ ಕೈ ಖಾಲಿ ಇರುತ್ತದೆ ನಿಜ, ಮಳೆಯೂ ಇರುತ್ತದೆ. ತಬಲಾದವರ ಮನೆಯ ಮಹಡಿ ಕೋಣೆಗೆ ಶೀಟಿನ ಮಾಡು, ಹನಿ ಬಿದ್ದರೆ ಮುಗಿಯಿತು. ಶಾಲೆಯ ಕೊಠಡಿಯಲ್ಲಿ ನೋಡಿದೆವು: ಬರಿಯ ಗೋಡೆ, ಸಿಮೆಂಟ್ ನೆಲ, ಒಂದು ಪೆಟ್ಟು ಹೊಡೆದರೆ ಎರಡು ಕೇಳಿಸುತ್ತದೆ. ಗಾಡಿಗಳ ಗಲಾಟೆಯ ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆಗೆ ಹತ್ತಿರದ ಯಾವ ಮನೆಯೂ ಬೇಡವೆಂದು ಮೊದಲೇ ಬಿಟ್ಟಿದ್ದೆವು. ಕಡೆಗೆ ಪಿಟೀಲಿನ ಹುಡುಗ ತನ್ನ ಊರ ಮನೆಯಲ್ಲಿ ದವಸದ ಕೋಣೆ ಇದೆ ಎಂದ. ಹಂಚಿನ ಮಾಡು, ಅದರ ಕೆಳಗೆ ಹಲಗೆಯ ಅಟ್ಟ. ಎರಡು ಗೋಡೆಗೆ ಎದೆಮಟ್ಟ ರಾಗಿ ಚೀಲ. ಮಳೆಯ ಸದ್ದನ್ನು ಅಟ್ಟ ತಡೆಯಿತು, ಕೋಣೆಯ ಪ್ರತಿಧ್ವನಿಯನ್ನು ಚೀಲಗಳು ನುಂಗಿದವು. ಉಳಿದ ಗೋಡೆಗೆ ಹಗ್ಗ ಕಟ್ಟಿ ಕೌದಿ ಇಳಿಬಿಟ್ಟೆವು. ಕಾಸು ಖರ್ಚಿಲ್ಲದೆ ಇಷ್ಟು ಒಳ್ಳೆಯ ಕೋಣೆ ಸಿಗುತ್ತದೆಂದು ನಾನು ಎಣಿಸಿರಲಿಲ್ಲ.

ಫೋನಿನಲ್ಲಿ ವಿಡಿಯೊ, ಬೇರೆ ರೆಕಾರ್ಡರಿನಲ್ಲಿ ಧ್ವನಿ. ಫೋನಿನ ಮೈಕನ್ನು ನಂಬದಿರಲು ಕಾರಣವಿದೆ. ಸದ್ದು ಏರಿದಾಗ ತಗ್ಗಿಸುವ, ತಗ್ಗಿದಾಗ ಏರಿಸುವ ಕೆಲಸವನ್ನು ಅದು ತಾನಾಗಿ ಮಾಡುತ್ತದೆ. ತಬಲಾದ ಪ್ರತಿ ಪೆಟ್ಟಿಗೂ ಗಾಯಕಿಯ ದನಿ ಒಂದು ಕ್ಷಣ ಕುಗ್ಗಿ ಮತ್ತೆ ಏಳುತ್ತದೆ. ಕೇಳುವವರಿಗೆ ಕಾರಣ ತಿಳಿಯುವುದಿಲ್ಲ, ಹಾಡಿನಲ್ಲಿ ಸತ್ವವಿಲ್ಲ ಅನ್ನಿಸುತ್ತದೆ ಅಷ್ಟೆ. ರೆಕಾರ್ಡರನ್ನು ಗಾಯಕಿಯಿಂದ ಒಂದು ಮೊಳ ದೂರದಲ್ಲಿ ಇಟ್ಟು, ತಬಲಾವನ್ನು ಪಕ್ಕಕ್ಕೆ, ಹಿಂದಕ್ಕೆ ಸರಿಸಿ, ಪಿಟೀಲನ್ನು ನಡುವೆ ನಿಲ್ಲಿಸಿದೆವು. ಯಾರ ಸದ್ದು ಎಷ್ಟಿರಬೇಕು ಎನ್ನುವುದನ್ನು ಕೂರುವ ಜಾಗದಲ್ಲೇ ತೀರ್ಮಾನಿಸಬೇಕು, ಒಂದೇ ಟೇಕಿನಲ್ಲಿ ಆಮೇಲೆ ತಿದ್ದಲು ಬರುವುದಿಲ್ಲ. ಶುರುವಿನಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲಿ ಇನ್ನೊಂದು. ಕೊನೆಯದು ಏಕೆಂದರೆ ಹಲವು ಫೋನುಗಳು ಸೆಕೆಂಡಿಗೆ ಇಷ್ಟೇ ಚಿತ್ರ ಎಂದು ಸಮನಾಗಿ ತೆಗೆಯುವುದಿಲ್ಲ, ಐದು ನಿಮಿಷ ಕಳೆಯುವಷ್ಟರಲ್ಲಿ ತುಟಿಯೂ ದನಿಯೂ ಬೇರೆಯಾಗಿರುತ್ತವೆ. ಎರಡೂ ತುದಿಯ ಚಪ್ಪಾಳೆ ಹೊಂದಿದರೆ ನಡುವಿನದೂ ಬಹುಮಟ್ಟಿಗೆ ಹೊಂದುತ್ತದೆ.

ನಿಜವಾದ ಬೀಸುವ ಕಲ್ಲಿನ ಸದ್ದನ್ನೇ ತಾಳವಾಗಿ ಬಳಸಬೇಕೆಂದು ತಬಲಾದವರು ಹಟ ಹಿಡಿದರು. ಹಿತ್ತಿಲಿನಿಂದ ಕಲ್ಲು ಹೊತ್ತು ತಂದರು. ಹೆಡ್‌ಫೋನಿನಲ್ಲಿ ಅದರ ಗುಡುಗು ಮೈ ನವಿರೇಳಿಸುವಂತಿತ್ತು. ಅದೇ ರೆಕಾರ್ಡಿಂಗನ್ನು ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಕಲ್ಲು ಮಾಯ, ಬರೀ ಹಿಡಿಯ ಕಿರುಗುಟ್ಟುವಿಕೆ! ಅಷ್ಟು ಚಿಕ್ಕ ಸ್ಪೀಕರಿಗೆ ಮಂದ್ರದ ಸದ್ದು ಹೊರಡಿಸುವ ಶಕ್ತಿಯಿಲ್ಲ. ನಮ್ಮ ಕೇಳುಗರಲ್ಲಿ ಹೆಚ್ಚಿನವರು ಫೋನಿನಲ್ಲೇ ಕೇಳುವವರು. ಆದ್ದರಿಂದ ಕಲ್ಲಿನೊಳಗೆ ಒಂದಿಷ್ಟು ರಾಗಿ ಹಾಕಿ, ಕಾಳು ಅರೆಯುವ ಸರಸರ ಸದ್ದಿಗೆ ಮೈಕ್ ತಿರುಗಿಸಿದೆವು. ಅದು ಎಲ್ಲ ಫೋನಿನಲ್ಲೂ ಕೇಳಿತು. ತೀರ್ಪುಗಾರರು ಬರೆದ ಟಿಪ್ಪಣಿಯಲ್ಲಿ ಮೊದಲು ಮೆಚ್ಚಿದ್ದು ಆ ಸದ್ದನ್ನೇ.

ಷರತ್ತುಗಳ ಪುಟ

ನೋಂದಣಿಯ ಕೆಳಗೆ "ಷರತ್ತುಗಳಿಗೆ ಒಪ್ಪಿದ್ದೇನೆ" ಎಂಬ ಡಬ್ಬಿಗೆ ಟಿಕ್ ಹಾಕುವುದಿರುತ್ತದೆ. ಹೆಚ್ಚಿನವರು ಹಾಕಿ ಮುಂದೆ ಹೋಗುತ್ತಾರೆ. ಕೀಬೋರ್ಡಿನವರು ಹೋಗಲಿಲ್ಲ. ಇಂಗ್ಲಿಷಿನ ಉದ್ದನೆಯ ಪುಟವನ್ನು ಸಾಲು ಸಾಲಾಗಿ ಓದಿದರು. ಒಂದು ಕಡೆ ವಿಡಿಯೊವನ್ನೂ ಸಂಯೋಜನೆಯನ್ನೂ ಆಯೋಜಕರು ಯಾವುದೇ ಮಾಧ್ಯಮದಲ್ಲಿ ಬಳಸಿಕೊಳ್ಳಬಹುದು ಎಂದಿತ್ತು. ಎಷ್ಟು ಕಾಲ, ಎಲ್ಲೆಲ್ಲಿ ಎಂಬುದು ಇರಲಿಲ್ಲ.

ಇಂಥ ಕಡೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಕಲಾವಿದರ ಕೈ ಹಿಡಿಯುತ್ತದೆ. ಹಕ್ಕು ಬರೆದುಕೊಡುವ ಕರಾರಿನಲ್ಲಿ ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆ ಹೇಳುತ್ತದೆ. 1994ರ ತಿದ್ದುಪಡಿ ಈ ರಕ್ಷಣೆಯನ್ನು ಪರವಾನಗಿಗಳಿಗೂ, ಅಂದರೆ ಒಡೆತನ ಬಿಡದೆ ಬಳಕೆಗೆ ಮಾತ್ರ ಕೊಡುವ ಅನುಮತಿಗಳಿಗೂ ಕೊಟ್ಟಿತು. ಜೊತೆಗೆ ಹಾಡಿದವರಿಗೆ, ನುಡಿಸಿದವರಿಗೆ ತಮ್ಮ ಪ್ರದರ್ಶನದ ಮೇಲೆ ಪ್ರತ್ಯೇಕ ಹಕ್ಕಿದೆ, ಅದರ ಅವಧಿ 50 ವರ್ಷ. ಇದನ್ನು ತಿಳಿದುಕೊಂಡೇ ತಂಡ ಒಂದು ಸಣ್ಣ ಮೇಲ್ ಬರೆಯಿತು: ಹಾಡಿನ ಒಡೆತನ ನಮ್ಮಲ್ಲೇ ಉಳಿಯುತ್ತದೆಯೇ, ನಮ್ಮ ಚಾನೆಲ್‌ನಲ್ಲಿ ವಿಡಿಯೊ ಇಟ್ಟುಕೊಳ್ಳಬಹುದೇ, ಬೇರೆ ಕಂಪನಿಗೆ ನೀವು ಮಾರುವಂತಿಲ್ಲ ಎಂದು ಬರೆದುಕೊಡುವಿರಾ? ಮೂರಕ್ಕೂ ಒಪ್ಪಿ ಉತ್ತರ ಬಂತು. ಬಳಕೆ ಸ್ಪರ್ಧೆಯ ಪ್ರಚಾರಕ್ಕೆ ಸೀಮಿತ ಎಂದೂ ಬರೆದಿದ್ದರು. ಆ ಮೇಲನ್ನು ತೆಗೆದಿಟ್ಟುಕೊಂಡ ಮೇಲೆಯೇ ಟಿಕ್ ಬಿತ್ತು. ಸಣ್ಣ ಊರಿನ ಕಲಾವಿದರು ಪ್ರಶ್ನೆ ಕೇಳಿದರೆ ಹೊರಗೆ ಹಾಕುತ್ತಾರೆ ಎಂಬ ಭಯ ನಮ್ಮ ಕಡೆ ಬಹಳ ಇದೆ. ಇಲ್ಲಿ ಹಾಗಾಗಲಿಲ್ಲ.

ಲೈಕಿನ ಸುತ್ತು

ತೀರ್ಪುಗಾರರ ಸುತ್ತು ದಾಟಿದರು. ಸಂಭ್ರಮ ಜೋರಾಗಿತ್ತು, ಸ್ಥಳೀಯ ಪತ್ರಿಕೆಯಲ್ಲಿ ಒಂದು ಕಾಲಂ ಸುದ್ದಿಯೂ ಬಂತು. ಮರುದಿನದಿಂದ ಓಟಿನ ಕೆಲಸ. ಎಸ್ಸೆಸ್ಸೆಲ್ಸಿ ಬ್ಯಾಚಿನ ಗುಂಪು, ಶಾಲೆಯ ಪೋಷಕರ ಗುಂಪು, ನೆಂಟರ ಗುಂಪು, ಊರಿನ ಗುಂಪು, ಆರ್ಕೆಸ್ಟ್ರಾ ಕಲಾವಿದರ ಗುಂಪು ಹೀಗೆ ವಾಟ್ಸ್ಯಾಪಿನಲ್ಲಿ ಇದ್ದಬದ್ದ ಕಡೆಯೆಲ್ಲ "ದಯವಿಟ್ಟು ಲೈಕ್ ಮಾಡಿ" ಎಂಬ ಸಂದೇಶ. ಗಾಯಕಿಗೆ ಇದು ಬಹಳ ಹಿಂಸೆಯಾಯಿತು. ವೇದಿಕೆಯ ಮೇಲೆ ಎಂದೂ ಅಳುಕದವರು ಇಲ್ಲಿ ಪ್ರತಿ ಸಂದೇಶಕ್ಕೂ ಅಳುಕುತ್ತಿದ್ದರು. "ಹಾಡು ಕೇಳಿ ಅಂತ ಕೇಳೋದು ಬೇರೆ, ಒಂದು ಬಟನ್ ಒತ್ತಿ ಅಂತ ಬೇಡೋದು ಬೇರೆ" ಎಂದಿದ್ದರು.

ಅಂಕಿಗಳು ಅವರ ಅನಿಸಿಕೆಯನ್ನೇ ಹೇಳಿದವು. ಉತ್ಸಾಹದಲ್ಲಿ ಕೆಲವರು ತಂಡದ ಸ್ವಂತ ಚಾನೆಲ್‌ನ ಕೊಂಡಿಯನ್ನೂ ಹಂಚಿದ್ದರು. ಚಾನೆಲ್ ನಡೆಸುವವರಿಗೆ ಅಂಕಿಅಂಶ ತೋರಿಸುವ ಯೂಟ್ಯೂಬ್ ಸ್ಟುಡಿಯೊದಲ್ಲಿ ನೋಡುಗರು ಎಷ್ಟು ಹೊತ್ತು ಉಳಿದರು ಎಂಬ ಗೆರೆ ಕಾಣುತ್ತದೆ. ಓಟಿನ ದಿನಗಳಲ್ಲಿ ಆ ಗೆರೆ ಶುರುವಿನಲ್ಲೇ ಪಾತಾಳಕ್ಕೆ ಇಳಿದಿತ್ತು. ಬಂದವರು ಪಿಟೀಲಿನ ಮೊದಲ ಎಳೆ ಮುಗಿಯುವ ಮುನ್ನವೇ ಲೈಕ್ ಒತ್ತಿ ಹೋಗಿದ್ದರು. 2012ರಿಂದ ಯೂಟ್ಯೂಬ್ ಶಿಫಾರಸು ಮಾಡುವಾಗ ಬರಿಯ ಕ್ಲಿಕ್ಕಿಗಿಂತ ನೋಡಿದ ಸಮಯಕ್ಕೆ ಬೆಲೆ ಕೊಡುತ್ತಿದೆ. ಕೇಳದೆ ಹೋಗುವ ನೂರು ಸ್ನೇಹಿತರಿಗಿಂತ ಕೊನೆಯವರೆಗೆ ಕೂರುವ ಹತ್ತು ಅಪರಿಚಿತರು ಹಾಡನ್ನು ಮುಂದೆ ಒಯ್ಯುತ್ತಾರೆ.

ತಂಡ ಅಂತಿಮ ಸುತ್ತಿಗೆ ಬರಲಿಲ್ಲ. ಮುಂದೆ ಹೋದವರಲ್ಲಿ ದೊಡ್ಡ ಕಾಲೇಜುಗಳ ತಂಡಗಳಿದ್ದವು. ಒಂದು ಕ್ಯಾಂಪಸ್ ಮನಸ್ಸು ಮಾಡಿದರೆ ಬೀಳುವ ಲೈಕಿನ ಮುಂದೆ ನಾಲ್ಕು ಸಂಸಾರಗಳ ನೆಂಟರಿಷ್ಟರು ಏನೂ ಅಲ್ಲ. ಆ ತಂಡಗಳೂ ಚೆನ್ನಾಗಿಯೇ ಹಾಡಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಗೀತವನ್ನು ಅಳೆಯುವ ಸ್ಪರ್ಧೆ ಆ ಸುತ್ತಿನಲ್ಲಿ ಪರಿಚಯಸ್ಥರ ತಲೆ ಎಣಿಸುವ ಸ್ಪರ್ಧೆಯಾಗಿತ್ತು. ಲೈಕಿನಿಂದ ತೀರ್ಮಾನಿಸುವ ಸ್ಪರ್ಧೆಗಳು ಊರಿನ ಕಲಾವಿದರಿಗಿಂತ ಸ್ಪರ್ಧೆಯ ಪುಟಕ್ಕೇ ಹೆಚ್ಚು ಉಪಕಾರಿ ಎಂದು ನಾನು ಇಲ್ಲಿ ಕಂಡೆ. ಪ್ರತಿ ತಂಡವೂ ತನ್ನ ಬಳಗವನ್ನೆಲ್ಲ ಆ ಪುಟಕ್ಕೆ ಕರೆತಂದು ಬಿಟ್ಟುಹೋಗುತ್ತದೆ.

ತಬಲಾದವರ ನೋಟ್‌ಬುಕ್

ಸೋತ ಮೇಲೆ ಶುರುವಾದದ್ದೇ ಈ ಪ್ರಕರಣದ ಮುಖ್ಯ ಭಾಗ. ಚಾನೆಲ್‌ನ ವಿಡಿಯೊದ ಶೀರ್ಷಿಕೆಯನ್ನು ಕನ್ನಡದಲ್ಲೇ ಬರೆದಿದ್ದರು: ಹಾಡಿನ ಬಗೆ, ಹಾಸನ ಜಿಲ್ಲೆ ಎಂಬ ಮಾತು, ತಂಡದ ಹೆಸರು. ಕೆಳಗೆ "ಕಾರ್ಯಕ್ರಮಗಳಿಗೆ ಸಂಪರ್ಕಿಸಿ" ಎಂದು ತಬಲಾದವರ ನಂಬರ್. ಕರೆ ಮಾಡಿದ ಪ್ರತಿಯೊಬ್ಬರನ್ನೂ ಅವರು "ನಮ್ಮನ್ನ ಎಲ್ಲಿ ನೋಡಿದ್ರಿ?" ಎಂದು ಕೇಳಿ, ವೈರಿಂಗ್ ಲೆಕ್ಕ ಬರೆಯುವ ನೋಟ್‌ಬುಕ್ಕಿನಲ್ಲೇ ಉತ್ತರ ಗೀಚಿಡುತ್ತಿದ್ದರು. ಯಾವ ಮಾರುಕಟ್ಟೆ ಸಮೀಕ್ಷೆಗಿಂತಲೂ ಆ ಹಾಳೆಗಳು ನನಗೆ ಹೆಚ್ಚು ತಿಳಿಸಿದವು.

ಸ್ಪರ್ಧೆಯ ಪುಟದಲ್ಲಿ ನೋಡಿ ಕರೆ ಮಾಡಿದವರು ಒಬ್ಬರೂ ಇಲ್ಲ. ಅಲ್ಲಿ ಲೈಕ್ ಹೆಚ್ಚಿತ್ತು, ನಂಬರ್ ಇರಲಿಲ್ಲ. ಸಕಲೇಶಪುರದ ಕಡೆಯ ಹೋಂಸ್ಟೇ ಒಂದರ ಮಾಲೀಕರು, ತಾಲ್ಲೂಕಿನ ಒಂದು ಕನ್ನಡ ಸಂಘದವರು, ಸೀಮಂತಕ್ಕೆ ಸಿನಿಮಾ ಹಾಡು ಬೇಡ, ಸೋಬಾನೆ ಬೇಕು ಎಂದ ಒಂದು ಮನೆಯವರು ಎಲ್ಲರೂ ಬಂದದ್ದು ಸ್ವಂತ ಚಾನೆಲ್‌ನ ಕೊಂಡಿಯಿಂದ. ಕೆಲವರು ಹುಡುಕಿ, ಹೆಚ್ಚಿನವರು ಯಾರೋ ಕಳಿಸಿ. ಇನ್ನು ಕೆಲವರಿಗೆ ವಿಡಿಯೊ ಫೈಲ್ ಆಗಿಯೇ ವಾಟ್ಸ್ಯಾಪಿನಲ್ಲಿ ತಲುಪಿತ್ತು. ಅದರಲ್ಲಿ ಕೊಂಡಿಯೂ ಇಲ್ಲ, ವಿವರವೂ ಇಲ್ಲ. ತಂಡ ಯಾವುದೆಂದು ಅವರಿವರನ್ನು ಕೇಳಿ ಪತ್ತೆ ಹಚ್ಚಿ ಫೋನ್ ಮಾಡಿದ್ದರು. ಅಷ್ಟು ಕಷ್ಟಪಡದೆ ಸುಮ್ಮನಾದವರು ಎಷ್ಟು ಮಂದಿಯೋ. ಅದಾದ ಮೇಲೆ ವಿಡಿಯೊದ ಕೊನೆಯ ಚಿತ್ರದ ಮೇಲೆಯೇ ತಂಡದ ಹೆಸರು, ಊರು, ನಂಬರ್ ಅಚ್ಚಾಗುವಂತೆ ಮಾಡಿದೆವು. ಫೈಲ್ ಎಲ್ಲಿಗೆ ಹೋದರೂ ಅವು ಜೊತೆಗೆ ಹೋಗುತ್ತವೆ.

ಗಾಯಕಿಯ ಹಳೆಯ ರೀಲ್ಸ್‌ಗಳನ್ನು ಇದರ ಪಕ್ಕ ಇಟ್ಟು ನೋಡಬೇಕು. ಸಿನಿಮಾ ಹಾಡಿನ ಒಂದೊಂದು ತುಣುಕನ್ನು ಅವರು ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದರು. ಕೆಲವನ್ನು ಬೀಸುವ ಪದಕ್ಕಿಂತ ಎಷ್ಟೋ ಹೆಚ್ಚು ಜನ ನೋಡಿದ್ದಾರೆ. ಅವುಗಳಿಂದ ಒಂದು ಕಾರ್ಯಕ್ರಮವೂ ಬರಲಿಲ್ಲ. ಅರ್ಧ ನಿಮಿಷದ ತುಣುಕು ನೋಡಿ ಇಡೀ ಸಂಜೆಯ ಕಾರ್ಯಕ್ರಮಕ್ಕೆ ಯಾರೂ ಅಡ್ವಾನ್ಸ್ ಕೊಡುವುದಿಲ್ಲ. ನಾಲ್ಕು ಜನ ಒಟ್ಟಿಗೆ ಕೂತು, ನಿಲ್ಲಿಸದೆ, ತಿದ್ದದೆ ಒಂದು ಹಾಡು ಮುಗಿಸಿದ್ದನ್ನು ಕಂಡಾಗ ಕರೆಸುವವರಿಗೆ ಧೈರ್ಯ ಬರುತ್ತದೆ. ಅಂಥದೊಂದು ವಿಡಿಯೊವನ್ನು ಅವರ ಕೈಯಲ್ಲಿ ಮಾಡಿಸಿದ್ದು ಸ್ಪರ್ಧೆಯ ನಿಯಮ ಮತ್ತು ಕೊನೆಯ ದಿನಾಂಕ. ಅದಿಲ್ಲದಿದ್ದರೆ ಮುಂದಿನ ಆಷಾಢಕ್ಕೆ ನೋಡೋಣ ಎನ್ನುತ್ತಲೇ ಇರುತ್ತಿದ್ದರು. ಆ ಮಟ್ಟಿಗೆ ಸ್ಪರ್ಧೆಯ ಋಣ ದೊಡ್ಡದು.

ಯೂಟ್ಯೂಬಿನಿಂದ ನೇರವಾಗಿ ದುಡ್ಡು ಬರುತ್ತದೆಂಬ ಆಸೆ ಊರಿನ ಎಷ್ಟೋ ಕಲಾವಿದರಿಗಿದೆ. ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ಹನ್ನೆರಡು ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆ ಬೇಕು. ನಾಲ್ಕೂವರೆ ನಿಮಿಷದ ಒಂದೇ ಹಾಡಿಟ್ಟುಕೊಂಡು 4,000 ಗಂಟೆ ತುಂಬಿಸಬೇಕೆಂದರೆ ಅದನ್ನು ಪೂರ್ತಿಯಾಗಿ ಐವತ್ತು ಸಾವಿರಕ್ಕೂ ಹೆಚ್ಚು ಸಲ ಯಾರಾದರೂ ಕೇಳಬೇಕು. ಈ ತಂಡ ಆ ಲೆಕ್ಕ ಹಾಕಿ ಅಂದೇ ಕೈಬಿಟ್ಟಿತು. ಅವರಿಗೆ ಬಂದ ದುಡ್ಡು ಕಾರ್ಯಕ್ರಮದ್ದು.

ಅದೂ ಸಲೀಸಾಗಿ ಬರಲಿಲ್ಲ. "ನಮ್ಮಲ್ಲಿ ಬಂದು ಹಾಡಿ, ನಿಮಗೆ ಪ್ರಚಾರ ಸಿಗುತ್ತೆ, ವಿಡಿಯೊನೂ ಮಾಡಿಕೊಳ್ಳಿ" ಎಂಬ ಕರೆಗಳು ಹಣ ಕೊಡುವವರ ಕರೆಗಳಿಗಿಂತ ಹೆಚ್ಚಾಗಿದ್ದವು. ಆರ್ಕೆಸ್ಟ್ರಾದಲ್ಲಿ ಕಡಿಮೆ ಕೊಟ್ಟರೂ ರಾತ್ರಿ ಮುಗಿಯುವಾಗ ಕೈಗೆ ಕೊಡುತ್ತಾರೆ. ಇಲ್ಲಿ ಪ್ರಚಾರವನ್ನೇ ಸಂಭಾವನೆ ಎನ್ನುವವರು ಬಂದರು. ತಬಲಾದವರು ಒಂದು ನಿಯಮ ಮಾಡಿದರು: ಅರ್ಧ ಹಣ ಮುಂಗಡ, ಬಸ್ಸಿನ ಖರ್ಚು ಬೇರೆ, ಶಾಲೆ ಮಕ್ಕಳ ಕಾರ್ಯಕ್ರಮಕ್ಕೆ ಮಾತ್ರ ವಿನಾಯಿತಿ. ಕೆಲವರು ಬೇಸರಪಟ್ಟರು. ಹೋಂಸ್ಟೇಯವರು ಒಪ್ಪಿ, ಕಾಫಿ ಹೂ ಬಿಡುವ ಹೊತ್ತಿಗೆ ಮತ್ತೊಮ್ಮೆ ಕರೆಸಿದರು.

ಅಜ್ಜಿಗೆ ಪ್ರತಿ ಕಾರ್ಯಕ್ರಮದಿಂದ ಒಂದು ಪಾಲು ಹೋಗುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ, ನಾಲ್ವರೇ ಮಾಡಿಕೊಂಡ ಒಪ್ಪಂದ ಅದು. ಅವರ ಬಳಿ ಇನ್ನೂ ಇರುವ ಪದಗಳನ್ನು ಗಾಯಕಿ ಫೋನಿನಲ್ಲಿ ದಾಖಲಿಸುತ್ತಿದ್ದಾರೆ.

ಗಣಪತಿ ಹಬ್ಬಕ್ಕೆ ನಾಲ್ವರೂ ಈಗಲೂ ಆರ್ಕೆಸ್ಟ್ರಾಕ್ಕೆ ಹೋಗುತ್ತಾರೆ, ಅದನ್ನು ಬಿಡುವ ಸ್ಥಿತಿ ಇನ್ನೂ ಬಂದಿಲ್ಲ. ಎರಡನೆಯ ಹಾಡನ್ನು ಅದೇ ದವಸದ ಕೋಣೆಯಲ್ಲಿ ಮುದ್ರಿಸಿದ್ದೇವೆ. ಈ ಸಲ ಯಾವ ಸ್ಪರ್ಧೆಗೂ ಅಲ್ಲ. ಮೊನ್ನೆ ಇನ್ನೊಂದು ಸ್ಪರ್ಧೆಯ ಆಹ್ವಾನ ಬಂದಾಗ ಕೀಬೋರ್ಡಿನವರು ಮೊದಲು ಕೇಳಿದ್ದು ಎರಡೇ ಪ್ರಶ್ನೆ: ತೀರ್ಪು ಯಾರದು, ವಿಡಿಯೊ ಯಾರ ಚಾನೆಲ್‌ನಲ್ಲಿ ಇರುತ್ತದೆ. ತೀರ್ಪು ಲೈಕಿನದು ಎಂದು ತಿಳಿದ ಮೇಲೆ ಬೇಡವೆಂದು ಬರೆದರು.